ಎರಡೂವರೆ ಲಕ್ಷ ಕೋಟಿಯಲ್ಲಿ ತಿಪಟೂರಿನ ಪಾಲು

ದೀಪಾವಳಿ ಮುಗಿದ ಭಾನುವಾರ, 2025ರ ಅಕ್ಟೋಬರ್ 26ರ ಸಂಜೆ, ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು ಇದು. ಗುಂಪಿನಲ್ಲಿ 31 ಜನ ಇದ್ದೇವೆ, ಮಾತಾಡುವವರು ಏಳು. ಅಡ್ಮಿನ್ ನಾನು, ಅಂದರೆ ಎರಡೂ ಕಡೆಯಿಂದ ಬೈಸಿಕೊಳ್ಳುವವನು. ಮಧ್ಯೆ ಬಂದ ಪಟಾಕಿ ವಿಡಿಯೊ, ಕೈಮುಗಿಯುವ ಇಮೋಜಿ ಎಲ್ಲ ತೆಗೆದು ಜಗಳ ಮಾತ್ರ ಉಳಿಸಿದ್ದೇನೆ.

ಯಾರು ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ. ದೊಡ್ಡಪ್ಪ ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರು, ಮೈಸೂರಿನಲ್ಲಿದ್ದಾರೆ. ಶ್ರೀಧರ ಮಾವನದು ತಿಪಟೂರಿನಲ್ಲಿ ಟಿವಿ, ಫ್ರಿಜ್, ಮಿಕ್ಸಿ ಅಂಗಡಿ. ಲಲಿತತ್ತೆ ಅವರ ಹೆಂಡತಿ, ದೊಡ್ಡಪ್ಪನ ತಂಗಿ. ಅಕ್ಷತಾ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಅವಳ ಅಮ್ಮ ಸುಮಾ ಚಿಕ್ಕಮ್ಮ ತಿಪಟೂರಿನ ಹತ್ತಿರ ಸರ್ಕಾರಿ ಶಾಲೆ ಟೀಚರ್. ರಘಣ್ಣ ದೊಡ್ಡಪ್ಪನ ಮಗ, ನ್ಯೂಜೆರ್ಸಿ. ನಮಗೆ ಸಂಜೆ ಆದಾಗ ಅವನಿಗೆ ಬೆಳಗಿನ ಕಾಫಿ.

ದೊಡ್ಡಪ್ಪ, 7:12
(ಫಾರ್ವರ್ಡ್. ಮೇಲೆ ಎರಡು ಬಾಣದ ಗುರುತು. ಹಸಿರು ಚಿತ್ರ, ನೋಟಿನ ಮಳೆ.) "ಜನರ ಜೇಬಿಗೆ 2.5 ಲಕ್ಷ ಕೋಟಿ! ಆದಾಯ ತೆರಿಗೆ ಇಳಿಕೆ, ಜಿಎಸ್‌ಟಿ ಇಳಿಕೆ. ಅಂಗಡಿಗಳಲ್ಲಿ ಕಾಲಿಡಲು ಜಾಗವಿಲ್ಲ. 10 ಜನರಿಗೆ ಕಳಿಸಿ."

ಶ್ರೀಧರ ಮಾವ, 7:15
ಭಾವ, ಕಾಲಿಡಲು ಜಾಗ ಇಲ್ಲದ ಅಂಗಡಿ ಯಾವ ಊರಿನಲ್ಲಿದೆ ಅಂತ ಹಾಕಿಲ್ಲವಲ್ಲ. ಈಗ ನನ್ನ ಅಂಗಡಿಯಲ್ಲಿ ಇರುವುದು ನಾನು, ಕೆಲಸದ ಹುಡುಗ, ಒಂದು ಬೆಕ್ಕು.

ದೊಡ್ಡಪ್ಪ, 7:16
ಭಾನುವಾರ ಸಂಜೆ ನೋಡಿ ದೇಶದ ಆರ್ಥಿಕತೆ ಅಳೆಯಬೇಡಿ ಶ್ರೀಧರ. ಜನರ ಕೈಯಲ್ಲಿ ದುಡ್ಡು ಉಳಿದರೆ ಖರ್ಚು ಮಾಡುತ್ತಾರೆ. ಖರ್ಚಾದರೆ ಅಂಗಡಿ ನಡೆಯುತ್ತದೆ. ಅಂಗಡಿ ನಡೆದರೆ ಫ್ಯಾಕ್ಟರಿ ನಡೆಯುತ್ತದೆ. ಇಷ್ಟೇ.

ನಾನು, 7:19
ದೊಡ್ಡಪ್ಪ, ಒಂದು ಲೆಕ್ಕ. ಫೆಬ್ರವರಿ ಬಜೆಟ್‌ನಲ್ಲಿ ಆದಾಯ ತೆರಿಗೆಯಿಂದ ಬಿಟ್ಟುಕೊಟ್ಟದ್ದು ಸುಮಾರು 1 ಲಕ್ಷ ಕೋಟಿ. ಜಿಎಸ್‌ಟಿ ಇಳಿಕೆಯಿಂದ ಸರ್ಕಾರಕ್ಕೆ ಆಗುವ ನಷ್ಟ 48,000 ಕೋಟಿ ಅಂತ ಸೆಪ್ಟೆಂಬರ್‌ನಲ್ಲಿ ಅಧಿಕಾರಿಗಳೇ ಹೇಳಿದ್ದರು. ಕೂಡಿದರೆ ಒಂದೂವರೆ ಲಕ್ಷ ಕೋಟಿಯೂ ಆಗುವುದಿಲ್ಲ. ಇನ್ನೊಂದು ಲಕ್ಷ ಕೋಟಿ ಎಲ್ಲಿಂದ ಬಂತು?

ದೊಡ್ಡಪ್ಪ, 7:21
ಪ್ರಧಾನಿ ಸೆಪ್ಟೆಂಬರ್ 21ರ ಭಾಷಣದಲ್ಲಿ ಹೇಳಿದ್ದೇ 2.5 ಲಕ್ಷ ಕೋಟಿ. ಟಿವಿಯಲ್ಲಿ ನಾನೇ ಕೇಳಿದೆ.

ಅಕ್ಷತಾ, 7:22
48,000 ಕೋಟಿ ನಿವ್ವಳ ಲೆಕ್ಕ ಕಣೋ. ಕೆಲವಕ್ಕೆ ಇಳಿಸಿ ಕೆಲವನ್ನು 40 ಪರ್ಸೆಂಟಿಗೆ ಹಾಕಿದ್ದಾರಲ್ಲ, ಎರಡೂ ಕೂಡಿ ಕಳೆದ ಮೇಲೆ ಉಳಿದದ್ದು. ಜನರ ಲೆಕ್ಕ ಬೇರೆ, ಖಜಾನೆ ಲೆಕ್ಕ ಬೇರೆ. ಅದಕ್ಕೆ ಜಗಳ ಬೇಡ.

(ಲೆಕ್ಕದ ಮಾತಿಗೆ ಜಗಳ ಬೇಡ ಅಂದವಳೇ ಮುಂದಿನ ಜಗಳಕ್ಕೆ ಕಾರಣ ಆದಳು.)

ಅಕ್ಷತಾ, 7:24
ಮತ್ತೆ ದಯವಿಟ್ಟು ಇದನ್ನು "ಸರ್ಕಾರ ಕೊಟ್ಟಿತು" ಅನ್ನಬೇಡಿ. ಅದು ನನ್ನ ಸಂಬಳ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದು 12 ಲಕ್ಷ ಆದಾಯ ಇದ್ದರೆ ಸ್ಲ್ಯಾಬ್ ಪ್ರಕಾರ 60,000 ತೆರಿಗೆ ಬರುತ್ತದೆ. ಅದನ್ನು 87ಎ ರಿಬೇಟ್ ಅಂತ ಪೂರ್ತಿ ಬಿಡುತ್ತಾರೆ. ಹೋದ ವರ್ಷ ಇಷ್ಟೇ ಸಂಬಳಕ್ಕೆ ಸೆಸ್ ಸೇರಿ 83,200 ಕಟ್ಟಿದ್ದೆ. ಅಂದರೆ ಏಪ್ರಿಲ್‌ನಿಂದ ತಿಂಗಳಿಗೆ 6,900 ಚಿಲ್ಲರೆ ಜಾಸ್ತಿ ಕೈಗೆ ಬರುತ್ತಿದೆ.

ಶ್ರೀಧರ ಮಾವ, 7:25
ಸಂತೋಷ. ಆ 6,900 ಏನು ಮಾಡಿದೆ?

ಅಕ್ಷತಾ, 7:25
ಹೋಮ್ ಲೋನ್‌ಗೆ ಮಾವ. ನೇರ ಪ್ರೀಪೇಮೆಂಟ್.

ಶ್ರೀಧರ ಮಾವ, 7:26
ನೋಡಿ ಭಾವ. ನಿಮ್ಮ ಆರ್ಥಿಕತೆ ಬ್ಯಾಂಕಿಗೆ ವಾಪಸ್ ಹೋಯಿತು.

ದೊಡ್ಡಪ್ಪ, 7:28
ಬ್ಯಾಂಕಿಗೆ ಹೋದರೆ ಬಾವಿಗೆ ಬಿದ್ದ ಹಾಗೆ ಏನಲ್ಲ. ಬ್ಯಾಂಕ್ ಅದನ್ನು ಇನ್ನೊಬ್ಬರಿಗೆ ಸಾಲ ಕೊಡುತ್ತದೆ. ನಾನು 34 ವರ್ಷ ಅದೇ ಕೆಲಸ ಮಾಡಿದ್ದು.

ಶ್ರೀಧರ ಮಾವ, 7:29
ಸಾಲ ಕೇಳುವವನು ಬರಬೇಕಲ್ಲ ಭಾವ. ಗಿರಾಕಿ ಇಲ್ಲದೆ ನಾನು ಸಾಲ ತಂದು ಏನು ಮಾಡಲಿ, ಬೆಕ್ಕಿಗೆ ಫ್ರಿಜ್ ಮಾರಲೇ?

(ಇಲ್ಲಿ ಹನ್ನೊಂದು ನಗುವ ಮುಖಗಳು. ವರ್ಷಗಟ್ಟಲೆ ಬಾಯಿ ತೆರೆಯದವರೂ ನಕ್ಕಿದ್ದರು. ಮಾವನಿಗೆ ಹುರುಪು ಬಂತು.)

ಶ್ರೀಧರ ಮಾವ, 7:36
ಈ ಜಿಎಸ್‌ಟಿ ಕಥೆ ಕೇಳಿ. ಆಗಸ್ಟ್ 15ಕ್ಕೆ ಕೆಂಪುಕೋಟೆಯಲ್ಲಿ ದೀಪಾವಳಿಗೆ ಉಡುಗೊರೆ ಅಂದರು. 16ರಿಂದ ದೊಡ್ಡ ಟಿವಿ ಗಿರಾಕಿ ಪೂರ್ತಿ ನಿಂತಿತು. ಬರುತ್ತಾರೆ, ನೋಡುತ್ತಾರೆ, ರಿಮೋಟ್ ಒತ್ತುತ್ತಾರೆ, "ತೆರಿಗೆ ಇಳಿದ ಮೇಲೆ ಬರುತ್ತೇವೆ" ಅಂತ ಹೊರಡುತ್ತಾರೆ. ಗಣೇಶನ ಹಬ್ಬಕ್ಕೆ 43 ಇಂಚಿನದು ಒಂದೂ ಹೋಗಲಿಲ್ಲ. ಸೆಪ್ಟೆಂಬರ್ 22ಕ್ಕೆ 28 ಪರ್ಸೆಂಟ್ ಹೋಗಿ 18 ಆಯಿತು. 32,000ದ ಟಿವಿ 29,500ಕ್ಕೆ ಬಂತು. ಆಗ ಎಲ್ಲರೂ ಒಟ್ಟಿಗೆ ಬಂದರು. ಪೇಪರಿನವರು ಅದನ್ನೇ ಫೋಟೊ ಹೊಡೆದು "ಭರ್ಜರಿ ವ್ಯಾಪಾರ" ಅಂದರು. ಐದು ವಾರ ನಾನು ನೊಣ ಹೊಡೆದ ಫೋಟೊ ಯಾರೂ ತೆಗೆಯಲಿಲ್ಲ.

ಶ್ರೀಧರ ಮಾವ, 7:38
ಇನ್ನೊಂದು. 28ರಲ್ಲಿ ತಂದ ಸ್ಟಾಕ್ 18ರಲ್ಲಿ ಮಾರಿದೆ. ವ್ಯತ್ಯಾಸ ಎಲ್ಲಿ ಅಂದರೆ ಆಡಿಟರ್ "ಕ್ರೆಡಿಟ್ ಲೆಡ್ಜರ್‌ನಲ್ಲಿದೆ" ಅನ್ನುತ್ತಾನೆ, ಅಂದರೆ ಮುಂದಿನ ತೆರಿಗೆಗೆ ಹೊಂದಿಸಿಕೊಳ್ಳುವ ಖಾತೆಯಲ್ಲಿ. ಲೆಡ್ಜರ್ ತೋರಿಸಿದರೆ ಡೀಲರ್ ಮಾಲು ಕೊಡುತ್ತಾನಾ?

ದೊಡ್ಡಪ್ಪ, 7:40
ಒಟ್ಟು ಹಬ್ಬದ ವ್ಯಾಪಾರ ಹೋದ ವರ್ಷಕ್ಕಿಂತ ಜಾಸ್ತಿ ಆಯಿತೋ ಇಲ್ಲವೋ? ನಿಜ ಹೇಳಿ.

ಶ್ರೀಧರ ಮಾವ, 7:41
ಆಯಿತು. ಸುಳ್ಳು ಹೇಳಲ್ಲ. ಆದರೆ ನಮ್ಮ ಊರಿನಲ್ಲಿ ಅದು ಕೊಬ್ಬರಿಯಿಂದ ಆಯಿತು. ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 12,100. ಈ ವರ್ಷ ಎಪಿಎಂಸಿಯಲ್ಲಿ ಅದರ ಎರಡು ಪಟ್ಟು ದಾಟಿದ್ದೂ ಇದೆ. ತೆಂಗಿನ ತೋಟದವನಿಗೆ ಆದಾಯ ತೆರಿಗೆ ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಅವನಿಗೆ ತೆರಿಗೆ ಇಲ್ಲದ ಮಿತಿ 12 ಲಕ್ಷ ಆದರೇನು, 7 ಲಕ್ಷ ಆದರೇನು? ಟಿವಿ ತಗೊಂಡವನು ಅವನು.

(ಇದಕ್ಕೆ ದೊಡ್ಡಪ್ಪ ಏನೂ ಹೇಳಲಿಲ್ಲ. ಟೈಪಿಂಗ್ ಅಂತ ಬಂತು, ಹೋಯಿತು, ಮತ್ತೆ ಬಂತು. ಅಷ್ಟರಲ್ಲಿ ರಘಣ್ಣ ಎದ್ದಿದ್ದ.)

ರಘಣ್ಣ, 7:49
ಎಲ್ಲ ಓದಿದೆ. ಅಪ್ಪ, ಈ ಆಟ ನಾನು ಇಲ್ಲಿ 2008ರಲ್ಲಿ ನೋಡಿದ್ದೇನೆ. ಬುಷ್ ಕಾಲ. ಆರ್ಥಿಕತೆ ಕುಸಿಯುತ್ತಿದೆ ಅಂತ ಒಬ್ಬರಿಗೆ 600 ಡಾಲರ್‌ವರೆಗೆ, ಗಂಡ ಹೆಂಡತಿಗೆ 1,200, ಮಗುವಿಗೆ 300. ಚೆಕ್ ಕಳಿಸಿದರು. ತಗೊಳ್ಳಿ, ಹೋಗಿ ಖರ್ಚು ಮಾಡಿ ಅಂತ.

ಅಕ್ಷತಾ, 7:50
ನೀನು ಏನು ತಗೊಂಡೆ ರಘಣ್ಣ?

ರಘಣ್ಣ, 7:52
ಏನೂ ಇಲ್ಲ, ಯಾಕಂದರೆ ಚೆಕ್ಕೇ ಬರಲಿಲ್ಲ. ನನ್ನದು ಎಚ್1ಬಿ, ಕೆಲಸದ ವೀಸಾ; ನಿಮ್ಮ ಅತ್ತಿಗೆಯದು ಎಚ್4, ಹೆಂಡತಿಗೆ ಕೊಡುವ ವೀಸಾ. ಅವಳಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರಲಿಲ್ಲ, ತೆರಿಗೆಗೆ ಅಂತ ಕೊಡುವ ಬೇರೆ ನಂಬರ್ ಇತ್ತು. ಇಬ್ಬರೂ ಸೇರಿ ರಿಟರ್ನ್ ಹಾಕಿದ್ದೆವು. ಒಬ್ಬರಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೂ ಇಬ್ಬರಿಗೂ ಸೊನ್ನೆ. ತೆರಿಗೆ ಮಾತ್ರ ಪೂರ್ತಿ ಕಟ್ಟಿದ್ದೆ. ಪಕ್ಕದ ಮನೆಯವನು ತನ್ನ ಚೆಕ್ ತೋರಿಸಿ "ಪೆಟ್ರೋಲಿಗೇ ಆಗುತ್ತದೆ" ಅಂದ. ಆ ಬೇಸಿಗೆ ಗ್ಯಾಲನ್‌ಗೆ 4 ಡಾಲರ್ ದಾಟಿತ್ತು.

ಸುಮಾ ಚಿಕ್ಕಮ್ಮ, 7:53
ಅಯ್ಯೋ, ಅಷ್ಟು ದೂರ ಹೋಗಿ ಅಲ್ಲೂ ಅದೇ ಕಥೆನಾ.

ರಘಣ್ಣ, 7:57
ಕೇಳಿ, ಮಜಾ ಇರುವುದು ಮುಂದೆ. ಮಿಷಿಗನ್ ವಿಶ್ವವಿದ್ಯಾಲಯದ ಶಪಿರೊ ಮತ್ತು ಸ್ಲೆಮ್ರಾಡ್ ಅಂತ ಇಬ್ಬರು ಜನರನ್ನೇ ಕೇಳಿದರು, ಆ ದುಡ್ಡು ಏನು ಮಾಡುತ್ತೀರಿ ಅಂತ. ಹೆಚ್ಚಿನ ಪಾಲು ಖರ್ಚು ಮಾಡುತ್ತೇವೆ ಅಂದವರು ಐವರಲ್ಲಿ ಒಬ್ಬರು. ಉಳಿದವರು ಸಾಲ ತೀರಿಸುತ್ತೇವೆ, ಉಳಿಸುತ್ತೇವೆ ಅಂದರು. ಥೇಟ್ ಅಕ್ಷತಾ.

ಅಕ್ಷತಾ, 7:57
ಥ್ಯಾಂಕ್ಸ್.

ರಘಣ್ಣ, 8:01
ಆದರೆ ಪಾರ್ಕರ್ ಮತ್ತು ಜೊತೆಯವರು ಬೇರೆ ರೀತಿ ನೋಡಿದರು. ಯಾರಿಗೆ ಯಾವ ವಾರ ದುಡ್ಡು ಅನ್ನುವುದು ಆ ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ಎರಡು ಅಂಕಿ ಮೇಲೆ ನಿಂತಿತ್ತು. ಒಂಥರಾ ಲಾಟರಿ. ಹಾಗಾಗಿ ಮೊದಲು ಬಂದವರ ಖರ್ಚನ್ನೂ ತಡವಾಗಿ ಬಂದವರ ಖರ್ಚನ್ನೂ ಹೋಲಿಸಬಹುದಿತ್ತು. ಕಾರು ಗೀರು ಎಲ್ಲ ಸೇರಿಸಿದರೆ ಮೂರು ತಿಂಗಳಲ್ಲಿ ಅರ್ಧದಿಂದ 90 ಪರ್ಸೆಂಟ್‌ವರೆಗೆ ಖರ್ಚಾಗಿತ್ತು ಅಂತ ಅವರ ಲೆಕ್ಕ. ಬಾಯಲ್ಲಿ ಹೇಳಿದ್ದು ಒಂದು, ಕೈ ಮಾಡಿದ್ದು ಇನ್ನೊಂದು.

ದೊಡ್ಡಪ್ಪ, 8:02
ನೋಡಿದಿರಾ! ಖರ್ಚಾಗುತ್ತದೆ.

ರಘಣ್ಣ, 8:04
ಆದರೆ 2020ರ ಕೊರೊನಾ ಕಾಲದಲ್ಲಿ ಅಂಥದೇ ದುಡ್ಡು ನನಗೂ ಬಂತು, ಆಗ ಗ್ರೀನ್ ಕಾರ್ಡ್ ಇತ್ತು. ಹೋಗುವುದಕ್ಕೆ ಅಂಗಡಿಯೇ ತೆರೆದಿರಲಿಲ್ಲ. ದುಡ್ಡು ಅಕೌಂಟಿನಲ್ಲೇ ಕೂತಿತು. ಆ ಏಪ್ರಿಲ್‌ನಲ್ಲಿ ಇಲ್ಲಿಯ ಜನರ ಉಳಿತಾಯ ಆದಾಯದ ಶೇ 30 ದಾಟಿತ್ತು. ಯಾವಾಗ ಕೊಟ್ಟರು, ಯಾರಿಗೆ ಕೊಟ್ಟರು ಅನ್ನುವುದರ ಮೇಲೆ ಹೋಗುತ್ತದೆ ಅಪ್ಪ.

ದೊಡ್ಡಪ್ಪ, 8:10
ನನ್ನ ವಾದಕ್ಕೆ ವಿರುದ್ಧ ಹೋಗುತ್ತದೆ, ಆದರೂ ಹೇಳುತ್ತೇನೆ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿ ತೆರಿಗೆ 30ರಿಂದ 22ಕ್ಕೆ ಇಳಿಸಿದರು. 1.45 ಲಕ್ಷ ಕೋಟಿ ಬಿಟ್ಟರು. ಹೊಸ ಫ್ಯಾಕ್ಟರಿ ಬರುತ್ತವೆ ಅಂತ ನಾವೆಲ್ಲ ಚಪ್ಪಾಳೆ ಹೊಡೆದೆವು. ಮುಂದಿನ ವರ್ಷ ರಿಸರ್ವ್ ಬ್ಯಾಂಕ್ ತನ್ನ ವಾರ್ಷಿಕ ವರದಿಯಲ್ಲೇ ಬರೆಯಿತು: ಕಂಪನಿಗಳು ಆ ದುಡ್ಡಿನಲ್ಲಿ ಸಾಲ ತೀರಿಸಿವೆ, ನಗದು ಇಟ್ಟುಕೊಂಡಿವೆ, ಹೊಸ ಬಂಡವಾಳ ಹಾಕುವ ಕಡೆ ಹೋಗಿಲ್ಲ ಅಂತ.

(ದೊಡ್ಡಪ್ಪನ ಈ ಗುಣ ನನಗೆ ಇಷ್ಟ. ಬ್ಯಾಂಕಿನ ವಿಷಯ ಬಂದರೆ ಸ್ವಂತ ಗೋಲಿಗೇ ಚೆಂಡು ಹೊಡೆಯುತ್ತಾರೆ.)

ಶ್ರೀಧರ ಮಾವ, 8:13
ಕೊಡುವುದಾದರೆ ಹೇಗೆ ಕೊಡಬೇಕು ಅಂತ ಅವರಿಗೇ ಗೊತ್ತಿತ್ತು. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ಎಲ್‌ಟಿಸಿ (ರಜೆ ಪ್ರವಾಸದ ಖರ್ಚು) ಬದಲು ಸಾಮಾನು ತಗೊಳ್ಳಿ ಅಂದರು. ಪ್ರವಾಸದ ಚಾರ್ಜಿನ ಮೂರು ಪಟ್ಟು ಖರ್ಚು ಮಾಡಬೇಕು, 12 ಪರ್ಸೆಂಟ್ ಅಥವಾ ಜಾಸ್ತಿ ಜಿಎಸ್‌ಟಿ ಇರುವುದೇ ಆಗಬೇಕು, ಕ್ಯಾಶ್ ಆಗದು, ಮಾರ್ಚ್ 31ರ ಒಳಗೆ. ಅಂಥ ನೌಕರರೊಬ್ಬರು ವಾಷಿಂಗ್ ಮೆಷಿನ್ ತಗೊಂಡು, ಮೆಷಿನ್ ಆಮೇಲೆ ಕಳಿಸಿ, ಬಿಲ್ ಈಗಲೇ ಕೊಡಿ ಅಂತ ಕೌಂಟರ್ ಹಿಡಿದು ನಿಂತರು. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇದೆಯಾ ಅಂತ ಕನ್ನಡಕ ಏರಿಸಿ ಎರಡು ಸಲ ನೋಡಿದರು. ಅದು ಲೋನಿಗೆ ಹೋಗಲಿಲ್ಲ ನೋಡಿ, ಅಂಗಡಿಗೇ ಬಂತು.

ದೊಡ್ಡಪ್ಪ, 8:14
ಅದು ಒತ್ತಾಯದ ಖರ್ಚು.

ಶ್ರೀಧರ ಮಾವ, 8:16
ಒತ್ತಾಯ ಇಲ್ಲದ್ದೂ ಹೇಳಲೇ? ಗೃಹಲಕ್ಷ್ಮಿ. 2023ರಲ್ಲಿ ಶುರುವಾದಾಗಿನಿಂದ ನೋಡುತ್ತಿದ್ದೇನೆ. ತಡವಾಗಿ ಎರಡು ಕಂತು ಒಟ್ಟಿಗೆ ಬಿದ್ದರೆ ಆ ವಾರ ಮಿಕ್ಸಿ ಹೋಗುತ್ತದೆ. ಮೊನ್ನೆ ಹಳ್ಳಿಯಿಂದ ಬಂದ ಅಮ್ಮ ಒಬ್ಬರು ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ತೆಗೆದು, ಅದರ ಒಳಗಿಂದ ಎಂಟು ಐನೂರರ ನೋಟು ತೆಗೆದು ಕೌಂಟರ್ ಮೇಲೆ ಒಂದೊಂದೇ ಇಟ್ಟರು. ಮಿಕ್ಸಿಗೆ ಮಾತ್ರ ಮೂರು ಜಾರ್ ಬೇಕು ಅಂತ ಹಟ.

ದೊಡ್ಡಪ್ಪ, 8:17
ಅದು ಬಿಟ್ಟಿ. ಇದು ತೆರಿಗೆ ಕಟ್ಟಿದವನ ದುಡ್ಡು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಶ್ರೀಧರ ಮಾವ, 8:17
ನನ್ನ ಗಲ್ಲಾಪೆಟ್ಟಿಗೆಗೆ ಆ ವ್ಯತ್ಯಾಸ ಗೊತ್ತಾಗಲ್ಲ ಭಾವ.

ಲಲಿತತ್ತೆ, 8:18
ನನಗೆ ಎರಡೂ ಇಲ್ಲ. ಗಂಡ ಜಿಎಸ್‌ಟಿ ರಿಟರ್ನ್ ಹಾಕುತ್ತಾರೆ ಅಂತ ಗೃಹಲಕ್ಷ್ಮಿ ಇಲ್ಲ. ಸಂಬಳ ಇಲ್ಲ ಅಂತ ರಿಬೇಟ್ ಇಲ್ಲ. ಅಣ್ಣಾ, ನನ್ನ ಬಗ್ಗೆ ಯಾವ ಫಾರ್ವರ್ಡೂ ಬರಲ್ಲ.

ಸುಮಾ ಚಿಕ್ಕಮ್ಮ, 8:21
ನನ್ನದೂ ಒಂದು. ಜಿಎಸ್‌ಟಿಯಲ್ಲಿ ಅರ್ಧ ರಾಜ್ಯದ್ದು. ಅದು ಕಡಿಮೆಯಾದರೆ ಮೊದಲು ನಿಲ್ಲುವುದು ಯಾವ ಕೆಲಸ ಅಂತ ನಮಗೆ ಗೊತ್ತು. ನಮ್ಮ ಶಾಲೆಯಲ್ಲಿ ಎರಡು ರೂಮು ಸೋರುತ್ತವೆ. ನಾಲ್ಕು, ಐದನೇ ಕ್ಲಾಸು ಒಟ್ಟಿಗೆ ಕೂರಿಸುತ್ತೇನೆ. ಶಾಂಪೂ ಅಗ್ಗ ಆದರೆ ಸಂತೋಷವೇ. ಸೂರಿನ ಶೀಟಿಗೆ ಯಾರು ಕೊಡುತ್ತಾರೆ?

ಅಕ್ಷತಾ, 8:23
ಅಮ್ಮ, ತೆರಿಗೆ ಜಾಸ್ತಿ ಕಟ್ಟಿದಾಗಲೂ ಆ ರೂಮು ಸೋರುತ್ತಲೇ ಇತ್ತು. ನಾನು ಒಂದನೇ ಕ್ಲಾಸಿನಲ್ಲಿದ್ದಾಗಲೂ ಸೋರುತ್ತಿತ್ತು.

(ಇದಕ್ಕೆ ಚಿಕ್ಕಮ್ಮನ ಬಳಿ ಉತ್ತರ ಇರಲಿಲ್ಲ. ನನ್ನ ಬಳಿಯೂ ಇಲ್ಲ.)

ದೊಡ್ಡಪ್ಪ, 8:25
ಅಕ್ಷತಾ ಸರಿಯಾಗಿ ಹೇಳಿದಳು. ಅವಳ ದುಡ್ಡು, ಅವಳು ಸಾಲ ತೀರಿಸಿದಳು. ಜವಾಬ್ದಾರಿ ಇರುವ ಹುಡುಗಿ.

ಸುಮಾ ಚಿಕ್ಕಮ್ಮ, 8:26
ಸಾಲ ತೀರಿಸಿದ್ದು ಸರಿ ಭಾವ, ಟಿವಿಯೂ ಕೊಡಿಸಿದ್ದಾಳೆ ನಮಗೆ. ಹಬ್ಬಕ್ಕೆ. ದೊಡ್ಡದು. (ಫೋಟೊ. ಟಿವಿಯ ಮೂಲೆಯಲ್ಲಿ ಇನ್ನೂ ಕುಂಕುಮದ ಬೊಟ್ಟು.)

ಅಕ್ಷತಾ, 8:26
ಅಮ್ಮಾ.

ರಘಣ್ಣ, 8:27
ಪಾರ್ಕರ್ ಗೆದ್ದ.

ಶ್ರೀಧರ ಮಾವ, 8:29
ನಾನು ಸುಮ್ನೆ ಇದ್ದೆ. ಈಗ ಅವರೇ ಹೇಳಿದರಲ್ಲ, ಹೇಳುತ್ತೇನೆ. ಆ ಡಬ್ಬ ಬೆಂಗಳೂರಿನಿಂದ ವ್ಯಾನಿನಲ್ಲಿ ಬಂತು. ಡೆಲಿವರಿ ಹುಡುಗ ನನ್ನ ಅಂಗಡಿ ಮುಂದೆಯೇ ಗಾಡಿ ನಿಲ್ಲಿಸಿ ಸುಮಾ ಟೀಚರ್ ಮನೆ ಎಲ್ಲಿ ಅಂತ ಕೇಳಿದ. ದಾರಿ ತೋರಿಸಿದ್ದು ನಾನೇ. 43 ಇಂಚು. ನನ್ನ ಬಳಿ ಅದೇ ಕಂಪನಿಯದು ಆರು ಇದ್ದವು.

ಅಕ್ಷತಾ, 8:31
ಮಾವ ಸಾರಿ. ಆನ್‌ಲೈನ್ ಸೇಲ್‌ನಲ್ಲಿ 3,000 ಕಡಿಮೆ ಇತ್ತು, ಕಾರ್ಡ್ ಆಫರ್ ಬೇರೆ. ಲೋನ್ ಪ್ರೀಪೇಮೆಂಟ್ ಸೆಪ್ಟೆಂಬರ್‌ವರೆಗೆ ನಿಜವಾಗಿಯೂ ಮಾಡಿದ್ದೇನೆ. ಅಕ್ಟೋಬರ್ ಒಂದೇ ತಿಂಗಳು...

ಶ್ರೀಧರ ಮಾವ, 8:32
ಇರಲಿ ಬಿಡು ಪುಟ್ಟಿ. ಮಗಳು ಅಪ್ಪ ಅಮ್ಮನಿಗೆ ಕೊಡಿಸಿದೆ, ಬೇಜಾರೇನಿಲ್ಲ. ಗೋಡೆಗೆ ಸ್ಟ್ಯಾಂಡ್ ಹೊಡೆಯಲು ಹುಡುಗನನ್ನು ಕಳಿಸಿದ್ದೆನಲ್ಲ, ಅದರ 350 ಮಾತ್ರ ಬಾಕಿ ಇದೆ.

ಸುಮಾ ಚಿಕ್ಕಮ್ಮ, 8:32
ಅಯ್ಯೋ ಅಣ್ಣ, ಮರೆತೇ ಹೋಗಿತ್ತು.

ಅಕ್ಷತಾ, 8:33
ಫೋನ್‌ಪೇ ಮಾಡಿದೆ ಮಾವ.

ಶ್ರೀಧರ ಮಾವ, 8:34
ಬಂತು. ಫೋನ್‌ಪೇ ಡಬ್ಬಿ ಕೂಗಿತು, ಬೆಕ್ಕು ಎದ್ದು ಓಡಿತು. ಭಾವ, ಬರೆದುಕೊಳ್ಳಿ, ಎರಡೂವರೆ ಲಕ್ಷ ಕೋಟಿಯಲ್ಲಿ 350 ರೂಪಾಯಿ ತಿಪಟೂರಿಗೆ ಮುಟ್ಟಿದೆ.

ದೊಡ್ಡಪ್ಪ, 8:36
ಬಿಲ್ ಕೊಟ್ಟಿರಾ ಶ್ರೀಧರ? ಸ್ಟ್ಯಾಂಡ್ ಹೊಡೆಯುವುದಕ್ಕೂ ಜಿಎಸ್‌ಟಿ ಇದೆ.

ಶ್ರೀಧರ ಮಾವ, 8:36
ಗುಡ್ ನೈಟ್ ಭಾವ.