‘ನಾಟ್ ಇನ್’ ಕ್ವೆರಿಗೆ ಒಂದೂ ಸಾಲು ಬರುತ್ತಿಲ್ಲ

ಪ್ರಶ್ನೆ:
ನಮ್ಮ ಬಡಾವಣೆಯ ಗ್ರಂಥಾಲಯಕ್ಕಾಗಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಸಣ್ಣದೊಂದು ಡೇಟಾಬೇಸ್ ಮಾಡಿದ್ದೇನೆ. ಇದುವರೆಗೆ ಒಂದೂ ಪುಸ್ತಕ ಒಯ್ಯದ ಸದಸ್ಯರನ್ನು ಎರವಲು ಟೇಬಲ್ಲಿನ ಮೇಲೆ ‘ನಾಟ್ ಇನ್’ (ಈ ಪಟ್ಟಿಯಲ್ಲಿಲ್ಲ) ಹಾಕಿ ಹುಡುಕುತ್ತಿದ್ದೆ. ಹೋದ ವಾರ 31 ಹೆಸರು ಬರುತ್ತಿದ್ದ ಕಡೆ ಈಗ ಸೊನ್ನೆ. ‘ನಾಟ್ ಎಕ್ಸಿಸ್ಟ್ಸ್’ (ಹೊಂದುವ ಸಾಲೇ ಇಲ್ಲ) ಎಂದು ಬರೆದರೆ ಅದೇ 31 ಬರುತ್ತದೆ. ಎರಡರ ಅರ್ಥವೂ ಒಂದೇ ಅಲ್ಲವೇ? ಹುಡುಕಾಟದ ಸೂಚಿಯನ್ನು ಹೊಸದಾಗಿ ಕಟ್ಟಿ (ರೀಇಂಡೆಕ್ಸ್) ನೋಡಿದರೂ ಪ್ರಯೋಜನವಾಗಲಿಲ್ಲ.

ಉತ್ತರ:
ಇಂಡೆಕ್ಸಿನ ತಪ್ಪಲ್ಲ. ಎರವಲು ಟೇಬಲ್ಲಿನ ಸದಸ್ಯ ಸಂಖ್ಯೆಯ ಕಾಲಂನಲ್ಲಿ ಎಲ್ಲೋ ಒಂದು ನಲ್ (ಬೆಲೆ ಗೊತ್ತಿಲ್ಲದ ಖಾಲಿ ಜಾಗ) ನುಸುಳಿದೆ. ಅಲ್ಲಿ 3 ಮತ್ತು ನಲ್ ಇವೆ ಎಂದುಕೊಳ್ಳಿ. 7ನೇ ಸದಸ್ಯರ ಸರದಿ ಬಂದಾಗ ‘7 ಎಂಬುದು 3 ಅಲ್ಲ’ ಎನ್ನುವುದು ನಿಜ, ‘7 ಎಂಬುದು ನಲ್ ಅಲ್ಲ’ ಎನ್ನುವುದು ‘ಗೊತ್ತಿಲ್ಲ’. ಎರಡನ್ನೂ ‘ಮತ್ತು’ ಎಂದು ಜೋಡಿಸಿದರೆ ಉಳಿಯುವುದೂ ‘ಗೊತ್ತಿಲ್ಲ’. ಸಾಲುಗಳನ್ನು ಆರಿಸುವ ವೇರ್ ಷರತ್ತು ನಿಜವೆಂದಾದ ಸಾಲನ್ನಷ್ಟೇ ಉಳಿಸಿಕೊಳ್ಳುವುದರಿಂದ ಎಲ್ಲರೂ ಬಿದ್ದುಹೋಗುತ್ತಾರೆ. ‘ನಾಟ್ ಎಕ್ಸಿಸ್ಟ್ಸ್’ನಲ್ಲಾದರೋ ಆ ನಲ್ ಸಾಲು ಯಾವ ಸದಸ್ಯರಿಗೂ ಹೊಂದದೆ ಒಳಗಿನ ಕ್ವೆರಿಯಲ್ಲೇ ಉದುರಿಹೋಗುತ್ತದೆ. ನಿಜ, ಸುಳ್ಳು, ಗೊತ್ತಿಲ್ಲ ಎಂಬ ಈ ಮೂರು ಮೌಲ್ಯಗಳ ಕೋಷ್ಟಕವನ್ನು ತರ್ಕಶಾಸ್ತ್ರಜ್ಞ ಕ್ಲೀನಿ 1938ರಲ್ಲೇ, ಲೆಕ್ಕ ಮುಗಿಯದೆ ಉಳಿಯಬಹುದಾದ ಫಲನಗಳಿಗಾಗಿ ಕೊಟ್ಟಿದ್ದರು. ‘ಹೌದು ಅಥವಾ ಅಲ್ಲ, ಮೂರನೆಯದಿಲ್ಲ’ ಎಂಬ ನಿಯಮ ಅಲ್ಲಿ ನಡೆಯುವುದಿಲ್ಲ.

ಪ್ರಶ್ನೆ ಕೇಳಿದವರು:
ನಲ್ ಸಿಕ್ಕಿತು, ಧನ್ಯವಾದಗಳು. ಸದಸ್ಯರಲ್ಲದ ಯಾರಿಗೋ ಪುಸ್ತಕ ಕೊಟ್ಟು ಸಂಖ್ಯೆಯನ್ನು ಖಾಲಿ ಬಿಟ್ಟಿದ್ದರು. ಇನ್ನು ಮುಂದೆ ನಲ್ ಅನ್ನೇ ನಿಷೇಧಿಸಿದರೆ, ಯಾವುದೇ ಎರಡು ಕ್ವೆರಿಗಳು ಸದಾ ಒಂದೇ ಫಲ ಕೊಡುತ್ತವೆಯೇ ಎಂದು ತೀರ್ಮಾನಿಸುವ ಪ್ರೋಗ್ರಾಂ ಬರೆಯಬಹುದೇ?

ಉತ್ತರ:
ಸಾಧ್ಯವಿಲ್ಲ, ಮತ್ತು ಇದು ಜಾಣತನದ ಕೊರತೆಯಿಂದಲ್ಲ. ಮೊದಲ ದರ್ಜೆಯ ತರ್ಕದ (‘ಎಲ್ಲಕ್ಕೂ’, ‘ಯಾವುದೋ ಒಂದಕ್ಕೆ’ ಎಂದು ಹೇಳಬಲ್ಲ ತರ್ಕ) ಸೂತ್ರವಾಗಿ ಬರೆದ ಕ್ವೆರಿಯನ್ನು ರಿಲೇಷನಲ್ ಆಲ್ಜೀಬ್ರಾದಲ್ಲೂ (ಕ್ವೆರಿಗಳ ಹಿಂದಿರುವ ಟೇಬಲ್ ಲೆಕ್ಕಾಚಾರ) ಹೇಳಬಹುದು ಎಂದು ಡೇಟಾಬೇಸ್ ಸಂಶೋಧಕ ಕಾಡ್ 1972ರಲ್ಲಿ ತೋರಿಸಿದರು. ಅಂತಹ ಸೂತ್ರವೊಂದು ಯಾವುದಾದರೂ ಸಾಂತ ರಚನೆಯಲ್ಲಿ (ಅಂದರೆ ಕೊನೆಯಿರುವ ಟೇಬಲ್‌ಗಳಲ್ಲಿ) ನಿಜವಾಗುತ್ತದೆಯೇ ಎಂದು ನಿರ್ಧರಿಸುವ ವಿಧಾನವೇ ಇಲ್ಲವೆಂದು ತರ್ಕಶಾಸ್ತ್ರಜ್ಞ ಟ್ರಾಖ್ಟೆನ್‌ಬ್ರಾಟ್ ಅದಕ್ಕೂ ಮೊದಲೇ, 1950ರಲ್ಲಿ ಸಾಧಿಸಿದ್ದರು. ಕಾರಣವನ್ನು ಹೀಗೆ ನೋಡಿ: ಟ್ಯೂರಿಂಗ್ ಯಂತ್ರದ (ಪಟ್ಟಿಯ ಮನೆಗಳಲ್ಲಿ ಅಕ್ಷರ ಓದಿ ಬರೆಯುವ ಕಾಲ್ಪನಿಕ ಗಣಕ) ಪ್ರತಿ ಹೆಜ್ಜೆಯನ್ನೂ ಸಮಯ, ಮನೆ, ಅಕ್ಷರ ಎಂಬ ಕಾಲಂಗಳಲ್ಲಿ ತುಂಬಿಸಬಹುದು, ‘ಈ ಟೇಬಲ್ ನಿಲುಗಡೆಗೆ ಬಂದ ಸರಿಯಾದ ಓಟವೇ?’ ಎಂದು ಕೇಳುವ ಕ್ವೆರಿಯನ್ನೂ ಬರೆಯಬಹುದು. ಅದು ಸದಾ ಬರಿದಾದ ಕ್ವೆರಿಗೆ ಸಮವೇ ಎಂದು ನಿಮ್ಮ ಪ್ರೋಗ್ರಾಂ ಹೇಳಬಲ್ಲದಾದರೆ, ‘ಈ ಯಂತ್ರ ಎಂದಾದರೂ ನಿಲ್ಲುತ್ತದೆಯೇ?’ ಎಂಬಂಥ, ಟ್ಯೂರಿಂಗ್ 1936ರಲ್ಲಿ ಬಗೆಹರಿಯದೆಂದು ತೋರಿಸಿದ ಬಗೆಯ ಪ್ರಶ್ನೆ ಬಗೆಹರಿದಂತಾಯಿತು.

‘ನಾಟ್’ ಇಲ್ಲದ, ಬರೀ ಜಾಯಿನ್ (ಟೇಬಲ್‌ಗಳ ಜೋಡಣೆ) ಮತ್ತು ಸಮತೆಯ ಷರತ್ತುಗಳಿರುವ ಡಿಸ್ಟಿಂಕ್ಟ್ (ಒಂದೇ ಸಾಲನ್ನು ಎರಡು ಸಲ ಕೊಡದ) ಕ್ವೆರಿಗಳಿಗಾದರೆ ಪರೀಕ್ಷೆ ಸಾಧ್ಯ (ಚಂದ್ರ ಮತ್ತು ಮರ್ಲಿನ್, 1977), ಆದರೆ ನಿಮ್ಮದು ಆ ಗುಂಪಿಗೆ ಸೇರುವುದಿಲ್ಲ. ಎರಡು ಮೂರು ಸಾಲುಗಳ ಪುಟ್ಟ ಟೇಬಲ್‌ಗಳನ್ನು ಎಲ್ಲ ಬಗೆಯಲ್ಲೂ ಹುಟ್ಟಿಸಿ ಎರಡೂ ಕ್ವೆರಿಗಳನ್ನು ಓಡಿಸಿ ನೋಡಿ. ಸಮವೆಂದು ಅದು ಸಾಧಿಸಿಕೊಡದು, ಆದರೂ ನಿಮ್ಮ ಮೊದಲ ಜೋಡಿಯ ವ್ಯತ್ಯಾಸ ಒಬ್ಬ ಸದಸ್ಯ, ಒಂದು ನಲ್ ಸಾಲು ಇದ್ದ ಟೇಬಲ್ಲಿನಲ್ಲೇ ಸಿಕ್ಕಿಬೀಳುತ್ತಿತ್ತು.