'ಜಾಯ್' ಗುಂಡಿಗೆ ಕನ್ನಡ ಪದ: ಸಂಜೆಯೊಳಗೆ ಬೇಕು

ಬಳಗಕ್ಕೆ ನಮಸ್ಕಾರ.

ಕೃಷಿಮೇಳದ ಮಳಿಗೆಗೊಂದು ಪೋಸ್ಟರ್ ಅನುವಾದಿಸುತ್ತಿದ್ದೇನೆ, ಸಂಜೆ ಆರಕ್ಕೆ ಮುದ್ರಣಕ್ಕೆ ಹೋಗಬೇಕು. ವಿಷಯ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದ ಯಾಟೆಂಗಾ ಸೀಮೆಯ 'ಜಾಯ್'. ಮಳೆಗೆ ಮುಂಚೆಯೇ, ಕಾದು ಕಲ್ಲಾದ ನೆಲದಲ್ಲಿ ಗೇಣಗಲ, ಅರ್ಧ ಗೇಣು ಆಳ ತೋಡಿ ಬೊಗಸೆ ಗೊಬ್ಬರ ಹಾಕುತ್ತಾರೆ. ಗೊಬ್ಬರಕ್ಕೆ ಬಂದ ಗೆದ್ದಲು ಕೆಳಗೆ ಸುರಂಗ ಕೊರೆಯುತ್ತದೆ. ಮಳೆ ಬಿದ್ದರೆ ನೀರು ಹರಿದೋಡದೆ ಅಲ್ಲೇ ಇಂಗುತ್ತದೆ, ಅಲ್ಲೇ ಸಜ್ಜೆ, ಜೋಳ ಬಿತ್ತನೆ. ಹೆಕ್ಟೇರಿಗೆ 10,000ಕ್ಕೂ ಮೇಲೆ ತೋಡಬೇಕು! 'ಗುಂಡಿ' ಎಂದು ಬರೆದಿದ್ದೆ. ನೋಡಿದವರೆಲ್ಲ 'ಯಾವ ರಸ್ತೇದು?' ಅನ್ನುತ್ತಿದ್ದಾರೆ. ಬೇರೆ ಪದ?
– ಸು.

'ಇಂಗುಗುಂಡಿ' ಇದೆಯಲ್ಲ. ಇದಕ್ಕೂ ಚರ್ಚೆಯೇ?
– ನಾ. ರಾ.

ಇಂಗುಗುಂಡಿ ಅಂದ್ರ ಬೋರ್ ಬಾಜೂಕ ಜಲ್ಲಿ ತುಂಬೂದು. ಅದರಾಗ ಸಜ್ಜಿ ಬಿತ್ತತೀರೇನ್ರಿ? ನಮ್ಮ ಹಾವೇರಿ ಕಡೆ 'ಗುಳಿ' ಅಂತೀವಿ. ಗುಳಿ ರಾಗಿ ಕೇಳಿರಬೇಕು: ಉದ್ದಕ್ಕ, ಅಡ್ಡಕ್ಕ ಗೆರಿ ಹೊಡದು, ಗೆರಿ ಕೂಡಿದಲ್ಲಿ ಗುಳಿ, ಗುಳಿಗೆ ಹಿಡಿ ಗೊಬ್ಬರ, ಎರಡು ಸಸಿ.
– ಬ.

ಗುಳಿಯೇ ಸರಿ. ಮೂಲ ಹಳಗನ್ನಡದ ಕುೞಿ. ತಮಿಳು, ಮಲಯಾಳಗಳಲ್ಲಿ ಇವತ್ತಿಗೂ ಹಾಗೇ ಉಳಿದಿದೆ. ನಾವು ೞ ಕಳೆದುಕೊಂಡು ಗುಳಿ, ಗುಣಿ ಎರಡನ್ನೂ ಮಾಡಿಕೊಂಡೆವು. ತೆಂಗಿನ ಸಸಿಗೆ ಗುಣಿ, ಕೆನ್ನೆಗೆ ಗುಳಿ. ಮನೆಯಲ್ಲೇ ಇಷ್ಟಿರುವಾಗ 'ಜಾಯ್' ಯಾಕೆ? ಜಾಯಿಕಾಯಿ ಅಂದುಕೊಂಡಾರು. ಹಾಗೇ ನಿಮ್ಮ ಪೋಸ್ಟರ್ ತಲೆಬರಹದ 'ಹವಾಮಾನ ವೈಪರೀತ್ಯ' ಕಿತ್ತುಹಾಕಿ. ಹವಾ ಅರಬ್ಬಿ, ಉಳಿದದ್ದು ಸಂಸ್ಕೃತ. ಕನ್ನಡ ಎಲ್ಲಿದೆ?
– ಕೇ.

ಗುಳಿ ತಗ್ಗಿನ ಹೆಸರು, ಜಾಯ್ ದುಡಿಮೆಯ ಹೆಸರು. ಅದು ಅಲ್ಲಿನ ಜನರಾಡುವ ಮೋರೆ ಭಾಷೆಯ ಮಾತು: ಬೇಗ ಎದ್ದು ಹೊಲ ಅಣಿಮಾಡುವುದು. ತಗ್ಗು ತೋಡುವುದು ಅಲ್ಲಿ ಮೊದಲೂ ಇತ್ತು. 1980ರ ಸುಮಾರಿಗೆ, ಬರದ ಹೊಡೆತದಲ್ಲಿ, ಯಾಕೂಬಾ ಸವಾಡೊಗೊ ಅದನ್ನು ಹಿಗ್ಗಿಸಿ ಗೊಬ್ಬರ ತುಂಬಿದ್ದು ಹೊಸತು. ಹುಚ್ಚ ಅನ್ನಿಸಿಕೊಂಡ ಆ ರೈತನಿಗೆ 2018ರಲ್ಲಿ, 'ಪರ್ಯಾಯ ನೊಬೆಲ್' ಎನ್ನುವ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 'ಗುಳಿ' ಎಂದರೆ ಬೇಸಿಗೆಯಲ್ಲಿ ಬೆನ್ನು ಬಗ್ಗಿಸಿದ್ದೆಲ್ಲ ಮರೆಯಾಗುತ್ತದೆ. ಇನ್ನು ಎರವಲಿನ ಮಾತು. ರಾಗಿ, ಜೋಳ, ಸಜ್ಜೆ ಮೂರೂ ಆಫ್ರಿಕಾದಿಂದ ಬಂದವು. ಉಣ್ಣುವಾಗ ಭಾರವಾಗದ ಎರವಲು ಒಂದೂವರೆ ಅಕ್ಷರದ 'ಜಾಯ್'ಗೆ ಭಾರವಾಯಿತೇ?
– ವಿ.

ಬೆಳೆ ಬಂತು, ಹೆಸರು ನಾವಿಟ್ಟೆವು. ಅಷ್ಟೇಕೆ, ಪಕ್ಕದ ನೈಜರಿನ ಹೌಸಾ ರೈತರೇ ಜಾಯ್ ಅನ್ನುವುದಿಲ್ಲ, 'ತಸ್ಸಾ' ಅನ್ನುತ್ತಾರೆ. ಅವರಿಗಿಲ್ಲದ ಮುಲಾಜು ನಿಮಗೇಕೆ?
– ಕೇ.

ಅವರೂ ಬೇಸಿಗೆಯಲ್ಲಿ ತೋಡಿದವರು. ಇಟ್ಟುಕೊಳ್ಳಲಿ. ನೀವು ತೋಡಿದ್ದೀರಾ?
– ವಿ.

ತೋಡೂದು ನಾ ತೋಡೇನಿ. ಗುಳಿ ಅಂತ ಹಾಕ್ರಿ.
– ಬ.

ಎಲ್ಲರಿಗೂ ವಂದನೆ. 'ಗುಳಿ' ದಪ್ಪಕ್ಷರದಲ್ಲಿ, ಕೆಳಗೆ ಸಣ್ಣದಾಗಿ 'ಜಾಯ್'. ಕರಡು ತರಿಸಿ ನೋಡಿದರೆ ಡಿಟಿಪಿಯವರು 'ಗುಳೆ ಪದ್ಧತಿ' ಎಂದು ಕೂಡಿಸಿದ್ದಾರೆ! ಬರಕ್ಕೆ ಹೆದರಿ ಯಾಟೆಂಗಾದಿಂದ ಐವರಿ ಕೋಸ್ಟಿಗೆ ದುಡಿಯಲು ಹೋದವರ ಪ್ಯಾರಾ ಪಕ್ಕದಲ್ಲೇ ಇತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ತಿದ್ದಿಸಿ ಕಳಿಸಿದೆ.
– ಸು.

'ವೈಪರೀತ್ಯ' ತೆಗೆದಿರಾ?
– ಕೇ.