ಎಲ್ಗಾರ್ ಸಿಂಫನಿ: ಅವರೇ ನಡೆಸಿದ ರೆಕಾರ್ಡಿಂಗ್ ಅಷ್ಟು ವೇಗ ಯಾಕೆ? ಯಾವುದರಿಂದ ಶುರು ಮಾಡಲಿ?

ಪ್ರಶ್ನೆ: ಹೊಸ_ಕೇಳುಗ

ಇಂಗ್ಲಿಷ್ ಸಂಗೀತ ರಚನೆಕಾರ ಎಡ್ವರ್ಡ್ ಎಲ್ಗಾರ್ ಅವರ ಒಂದನೇ ಸಿಂಫನಿ (1908) ಮತ್ತು ಎನಿಗ್ಮ ವೇರಿಯೇಷನ್ಸ್ (1899), ಎರಡಕ್ಕೂ ಒಂದೊಂದು ಒಳ್ಳೆಯ ರೆಕಾರ್ಡಿಂಗ್ ಇಟ್ಟುಕೊಳ್ಳಬೇಕು ಅಂತಿದ್ದೇನೆ. ಸಿಂಫನಿಯನ್ನು ಕಂಡಕ್ಟರ್ (ಆರ್ಕೆಸ್ಟ್ರಾ ನಡೆಸುವವರು) ಬಾರ್ಬಿರೋಲಿ 1962ರಲ್ಲಿ ಫಿಲ್‌ಹಾರ್ಮೋನಿಯಾ ಜೊತೆ ಮಾಡಿದ್ದು ಸುಮಾರು 53 ನಿಮಿಷ. ಎಲ್ಗಾರ್ ಸ್ವತಃ 1930ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ನಡೆಸಿದ್ದು 46 ಚಿಲ್ಲರೆ. 78ರ ತಟ್ಟೆಯ (ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ರೆಕಾರ್ಡ್) ಒಂದು ಮಗ್ಗುಲಿಗೆ ನಾಲ್ಕು, ನಾಲ್ಕೂವರೆ ನಿಮಿಷವಷ್ಟೇ ಹಿಡಿಯುತ್ತಿತ್ತು, ಹಾಗಾಗಿ ಓಡಿಸಿದರು ಎನ್ನುತ್ತಾರೆ. ನಿಜವಾ?

ಇನ್ನೆರಡು ತೊಂದರೆ. ಆ್ಯಪಿನಲ್ಲಿ ಎನಿಗ್ಮ ಹಾಕಿದರೆ ಅದರ ಒಂಬತ್ತನೇ ವೇರಿಯೇಷನ್ ಆದ ನಿಮ್ರಾಡ್ ಶುರುವಾಗುವ ಕಡೆ ಒಂದು ಕ್ಷಣ ಸದ್ದು ನಿಂತು, ಆಮೇಲೆ ದನಿ ದಿಢೀರನೆ ದೊಡ್ಡದಾಗುತ್ತದೆ. ಬಾರ್ಬಿರೋಲಿಯ ರೆಕಾರ್ಡಿಂಗುಗಳಲ್ಲಿ ಮೆಲುದನಿಯ ಜಾಗಗಳಲ್ಲಿ ಕೆಳಗಡೆ ಎಲ್ಲೋ ಗುಡುಗುಡು ಕೇಳುತ್ತದೆ. ಸ್ಪೀಕರ್ ಹೋಗಿದೆಯಾ?

ಉತ್ತರ: ಮುಳ್ಳು_ತಟ್ಟೆ

ತಟ್ಟೆಯಲ್ಲಿ ಜಾಗವಿಲ್ಲದ್ದಕ್ಕೆ ಓಡಿಸಿದರು ಅನ್ನುವ ವಾದ ನಿಲ್ಲುವುದಿಲ್ಲ. ಅದನ್ನು ಸುಳ್ಳು ಮಾಡುವ ಸಾಕ್ಷಿ ಎಲ್ಗಾರ್ ಅವರ ಪಿಟೀಲು ಕಾನ್ಸರ್ಟೋದಲ್ಲೇ ಇದೆ. 1929ರಲ್ಲಿ ಆಲ್ಬರ್ಟ್ ಸ್ಯಾಮನ್ಸ್ ನುಡಿಸಿ ಹೆನ್ರಿ ವುಡ್ ನಡೆಸಿದ್ದು ಸುಮಾರು 43 ನಿಮಿಷ. 1932ರ ಜುಲೈನಲ್ಲಿ ಹದಿನಾರರ ಹುಡುಗ ಯೆಹೂದಿ ಮೆನುಹಿನ್ ನುಡಿಸಿ ಎಲ್ಗಾರ್ ನಡೆಸಿದ್ದು 50ರ ಹತ್ತಿರ. ಎರಡೂ ಹನ್ನೆರಡಿಂಚಿನ 78ರ ತಟ್ಟೆಗಳೇ, ಒಂದು ಮಗ್ಗುಲಿಗೆ ಹಿಡಿಯುವುದೂ ಅಷ್ಟೇ. ಕೃತಿ ಉದ್ದವಾದರೆ ಕಂಪನಿಯವರು ಇನ್ನೊಂದು ಮಗ್ಗುಲು ಸೇರಿಸುತ್ತಿದ್ದರು, ಅಷ್ಟೇ. ನಿಧಾನ ಬೇಕೆನಿಸಿದ ಕಡೆ ಎಲ್ಗಾರ್ ಧಾರಾಳವಾಗಿ ನಿಧಾನ ಮಾಡಿದ್ದಾರೆ. ಅಂದಮೇಲೆ ಸಿಂಫನಿಯ ವೇಗವೂ ಅವರಿಗೆ ಬೇಕಾಗಿದ್ದ ವೇಗವೇ.

ಮೊದಲಿನ ಅಕೌಸ್ಟಿಕ್ ಕಾಲದ, ಅಂದರೆ ಮೈಕ್ ಇಲ್ಲದೆ ಕೊಳವೆಯ ಮುಂದೆ ನುಡಿಸುತ್ತಿದ್ದ ಕಾಲದ, ಮಾತು ಬೇರೆ. ಆಗ ಕೃತಿಗಳನ್ನು ಕತ್ತರಿಸಿಯೇ ಹಾಕುತ್ತಿದ್ದರು. ಇದೇ ಕಾನ್ಸರ್ಟೋವನ್ನು 1916ರಲ್ಲಿ ಮೇರಿ ಹಾಲ್ ಜೊತೆ ನಾಲ್ಕೇ ಮಗ್ಗುಲಿಗೆ ಇಳಿಸಿದ್ದರು. ಆ ಕತ್ತರಿ ಪ್ರಯೋಗದ ಕಥೆಯನ್ನು ಜನ 1930ರ ರೆಕಾರ್ಡಿಂಗಿಗೂ ಅಂಟಿಸಿಬಿಡುತ್ತಾರೆ.

ಸ್ಕೋರನ್ನೂ (ಅಚ್ಚಾದ ಸ್ವರಲಿಪಿ) ನೋಡಿ. ನಿಮ್ರಾಡಿಗೆ ಅಚ್ಚಾಗಿರುವ ಮೆಟ್ರೊನೋಮ್ ಗುರುತು, ಅಂದರೆ ವೇಗದ ಸೂಚನೆ, ನಿಮಿಷಕ್ಕೆ 52 ಕ್ರಾಚೆಟ್ (ಒಂದು ಬೀಟಿನ ಸ್ವರ). ಎಲ್ಗಾರ್ 1926ರಲ್ಲಿ ರಾಯಲ್ ಆಲ್ಬರ್ಟ್ ಹಾಲ್ ಆರ್ಕೆಸ್ಟ್ರಾ ಜೊತೆ ಮಾಡಿದ ಎನಿಗ್ಮದಲ್ಲಿ ಅದು ಮೂರು ನಿಮಿಷದೊಳಗೆ ಮುಗಿಯುತ್ತದೆ. ಬರ್ನ್‌ಸ್ಟೀನ್ 1982ರಲ್ಲಿ ಬಿಬಿಸಿ ಸಿಂಫನಿ ಜೊತೆ ಮಾಡಿದ್ದು ಐದು ನಿಮಿಷ ದಾಟುತ್ತದೆ. ನಡುವೆ ಆದದ್ದು ಇಷ್ಟೇ: ಲಂಡನ್ನಿನ ಸೆನೊಟಾಫ್ ಸ್ಮಾರಕದೆದುರು ಪ್ರತಿ ನವೆಂಬರಿನಲ್ಲಿ ನುಡಿಸಿ ನುಡಿಸಿ ನಿಮ್ರಾಡ್ ಶೋಕದ ಸಂಗೀತವಾಗಿಬಿಟ್ಟಿತು. ಬರೆದದ್ದು ಗೆಳೆಯ ಯೇಗರ್ ಜೊತೆ ಬೀಥೋವನ್ ಬಗ್ಗೆ ಆಡಿದ ಮಾತಿನ ನೆನಪಿಗೆ. ಅದರಲ್ಲಿ ಸಾವಿನ ಸುದ್ದಿಯೇ ಇಲ್ಲ.

ವೇಗ ಅಂದರೆ ಒಂದೇ ಸಮನೆ ಓಟ ಅಂತಲೂ ಅಲ್ಲ. ನಾಲ್ಕು ಬಾರ್ (ಸ್ಕೋರಿನಲ್ಲಿ ತಾಳದ ಒಂದೊಂದು ಖಂಡ) ಒಳಗೆ ಹಿಗ್ಗಿ, ಮುಂದಿನ ನಾಲ್ಕರಲ್ಲಿ ಕುಗ್ಗುತ್ತದೆ. ನಮ್ಮ ಕಿವಿಗೆ ಕಾಲಪ್ರಮಾಣ ತಪ್ಪಿದ ಹಾಗೆ ಮೊದಲು ಅನ್ನಿಸಬಹುದು, ಆದರೆ ಸ್ಕೋರ್ ಹಿಡಿದು ಕೂತರೆ ಎಲ್ಗಾರ್ ಬರೆದ ಸೂಚನೆಗಳನ್ನೇ ಪಾಲಿಸುತ್ತಿರುವುದು ಗೊತ್ತಾಗುತ್ತದೆ. ತಂತಿವಾದ್ಯಗಳವರು ಸ್ವರದಿಂದ ಸ್ವರಕ್ಕೆ ಜಾರುವ ಪೋರ್ಟಮೆಂಟೋ ಕೂಡ ಆ ಕಾಲದ್ದು. ಇವತ್ತಿನ ಆರ್ಕೆಸ್ಟ್ರಾಗಳು ಅದನ್ನು ಬಹುಮಟ್ಟಿಗೆ ಬಿಟ್ಟಿವೆ.

ಒಂದು ಎಚ್ಚರಿಕೆ. ಯೂಟ್ಯೂಬಿನಲ್ಲಿ ಯಾರೋ ತಟ್ಟೆಯಿಂದ ಇಳಿಸಿ ಹಾಕಿದ್ದನ್ನು ನೋಡಿ ಅವಧಿ ಲೆಕ್ಕ ಹಾಕಬೇಡಿ. 78 ಎಂದು ಹೆಸರಿದ್ದರೂ ತಟ್ಟೆಗಳನ್ನೆಲ್ಲ ಕರಾರುವಾಕ್ಕಾಗಿ 78ರಲ್ಲೇ ಕೊರೆದಿರುವುದಿಲ್ಲ. ವೇಗ ನೂರಕ್ಕೆ ಆರು ಹೆಚ್ಚಾದರೆ ಶ್ರುತಿ ಅರ್ಧ ಸ್ವರ ಏರುತ್ತದೆ. ನೂರಕ್ಕೆ ಮೂರಾದರೂ 46 ನಿಮಿಷದ ಸಿಂಫನಿಯಲ್ಲಿ ಒಂದೂಕಾಲು ನಿಮಿಷಕ್ಕೂ ಹೆಚ್ಚು ಏರುಪೇರು. ಪರೀಕ್ಷೆ ಸುಲಭ: ಸಿಂಫನಿ ಎ ಫ್ಲಾಟ್ ಮೇಜರಿನಲ್ಲಿ ಮುಗಿಯುತ್ತದೆ, ಕೊನೆಯ ಕಾರ್ಡಿಗೆ ಫೋನಿನ ಟ್ಯೂನರ್ ಹಿಡಿಯಿರಿ. ಎ ಫ್ಲಾಟ್ 415 ಹರ್ಟ್ಜ್ ಸುತ್ತಮುತ್ತ ಇರಬೇಕು. ಆ ಕಾಲದ ಇಂಗ್ಲಿಷ್ ಶ್ರುತಿ ಎ 439 ಆಗಿದ್ದರಿಂದ ಒಂದು ಕೂದಲು ಕೆಳಗಿದ್ದರೂ ಸರಿ. 428 ತೋರಿಸಿದರೆ ಆ ಪ್ರತಿ ಬಿಟ್ಟುಬಿಡಿ.

ಉತ್ತರ: ಎರಡನೇ_ಪಿಟೀಲು

ನಿಮ್ರಾಡಿನ ತಡೆ ರೆಕಾರ್ಡಿಂಗಿನದಲ್ಲ, ಸೆಟ್ಟಿಂಗಿನದು. ಎಂಟನೇ ವೇರಿಯೇಷನ್ ಮುಗಿಯುವಾಗ ಮೊದಲ ಪಿಟೀಲುಗಳು ಒಂದು ಜಿ ಸ್ವರವನ್ನು ಹಿಡಿದೇ ಇರುತ್ತವೆ. ಅದರ ಕೆಳಗೆ ಇ ಫ್ಲಾಟ್ ಕಾರ್ಡ್ ಬಂದು ಸೇರಿದಾಗ ನಿಮ್ರಾಡ್ ಶುರು. ಸಿಡಿಯಲ್ಲಿ ಟ್ರ್ಯಾಕ್ ಬದಲಾಗುವುದು ಸರಿಯಾಗಿ ಅಲ್ಲೇ. ಆ್ಯಪಿನಲ್ಲಿ ಗ್ಯಾಪ್‌ಲೆಸ್ ಆನ್ ಮಾಡಿ, ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ: ಮೊದಲನೆಯದು ಟ್ರ್ಯಾಕುಗಳ ನಡುವಿನ ಮೌನ ತೆಗೆಯುತ್ತದೆ, ಎರಡನೆಯದು ಒಂದರ ಕೊನೆಯನ್ನು ಇನ್ನೊಂದರ ಶುರುವಿಗೆ ಬೆರೆಸುತ್ತದೆ. ದನಿ ಹಾರುವುದಕ್ಕೆ ಕಾರಣ ವಾಲ್ಯೂಮ್ ಸಮ ಮಾಡುವ ಸೌಲಭ್ಯ. ಪ್ರತಿ ಟ್ರ್ಯಾಕನ್ನೂ ಬೇರೆ ಬೇರೆಯಾಗಿ ಅಳೆದು ಎತ್ತಿದರೆ, ಪಿಸುಮಾತಿನಲ್ಲಿ ಶುರುವಾಗಬೇಕಾದದ್ದು ಹಿಂದಿನ ಸ್ವರಕ್ಕಿಂತ ಜೋರಾಗಿ ಬರುತ್ತದೆ. ಇಡೀ ಆಲ್ಬಂಗೆ ಒಂದೇ ಅಳತೆ ಅನ್ನುವ ಆಯ್ಕೆ ಇದ್ದರೆ ಅದನ್ನು ಹಾಕಿ, ಇಲ್ಲದಿದ್ದರೆ ಪೂರ್ತಿ ಆಫ್ ಮಾಡಿ. ಬ್ಲೂಟೂತ್ ಸ್ಪೀಕರ್‌ಗೆ ಕಳಿಸುವಾಗ ಕೆಲವು ಸಲ ಗ್ಯಾಪ್‌ಲೆಸ್ ಆನ್ ಇದ್ದರೂ ತಡೆ ಬರುತ್ತದೆ, ತಂತಿ ಹಾಕಿ ನೋಡಿ.

ಒಂದನೇ ಸಿಂಫನಿಯಲ್ಲೂ ಇದೇ ಸಮಸ್ಯೆ ಕಾದಿದೆ. ಎರಡನೇ ಭಾಗ, ಅಂದರೆ ವೇಗದ ಸ್ಕೆರ್ಟ್ಸೋ, ಕರಗುತ್ತಾ ಒಂದು ಎಫ್ ಶಾರ್ಪ್ ಮೇಲೆ ನಿಲ್ಲುತ್ತದೆ, ಅಲ್ಲಿಂದ ಬಿಡುವಿಲ್ಲದೆ ಮೂರನೇ ಭಾಗವಾದ ನಿಧಾನದ ಅಡಾಜಿಯೋ. ಅದರ ರಾಗ ಸ್ಕೆರ್ಟ್ಸೋದ ಓಡುವ ಸ್ವರಗಳೇ, ನಿಧಾನವಾಗಿ ಅಷ್ಟೇ. ನಡುವೆ ಅರ್ಧ ಸೆಕೆಂಡ್ ಮೌನ ಬಿದ್ದರೂ ಆ ಸಂಬಂಧ ಕಿವಿಗೆ ಸಿಗುವುದಿಲ್ಲ.

ಇನ್ನು ಆಯ್ಕೆ. ಎಲ್ಗಾರ್ ಬರೆಯುತ್ತಿದ್ದುದು ಮೊದಲ ಪಿಟೀಲು ಎಡಕ್ಕೆ, ಎರಡನೇ ಪಿಟೀಲು ಬಲಕ್ಕೆ ಕೂರುವ ಆರ್ಕೆಸ್ಟ್ರಾಕ್ಕೆ. ಎರಡೂ ಎಡಗಡೆ ಸೇರಿದರೆ ಸವಾಲು-ಜವಾಬು ಕೇಳುವುದೇ ಇಲ್ಲ. ಆ ಕಾರಣಕ್ಕೆ ಸಿಂಫನಿಗೆ ನನ್ನ ಮತ ಬೌಲ್ಟ್ ಅವರ 1976ರ ಲಂಡನ್ ಫಿಲ್‌ಹಾರ್ಮೋನಿಕ್ ರೆಕಾರ್ಡಿಂಗಿಗೆ, ಎನಿಗ್ಮಕ್ಕೆ ಮಾಂಟೊ ಅವರ 1958ರ ಲಂಡನ್ ಸಿಂಫನಿ ರೆಕಾರ್ಡಿಂಗಿಗೆ. ಹೆಡ್‌ಫೋನ್ ಹಾಕಿದರೆ ಎರಡು ನಿಮಿಷದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಉತ್ತರ: ಕಿಂಗ್ಸ್‌ವೇ

ಸ್ಪೀಕರ್ ಚೆನ್ನಾಗಿದೆ. ಅದು ಲಂಡನ್ ಅಂಡರ್‌ಗ್ರೌಂಡ್ ರೈಲು. ಬಾರ್ಬಿರೋಲಿಯ ಒಂದನೇ ಸಿಂಫನಿ ಆಗಿದ್ದು ಹಾಲ್‌ಬರ್ನ್ ಹತ್ತಿರದ ಕಿಂಗ್ಸ್‌ವೇ ಹಾಲಿನಲ್ಲಿ. ಪ್ರತಿಧ್ವನಿಗೆ ಅಂಥ ಸಭಾಂಗಣ ಇನ್ನೊಂದಿಲ್ಲ ಅನ್ನುತ್ತಿದ್ದರು, ಆದರೆ ಪಿಕಾಡಿಲಿ ಲೈನ್ ಕಟ್ಟಡದ ಅಡಿಯಲ್ಲೇ ಹಾದುಹೋಗುತ್ತಿತ್ತು. ಜಾಕ್ಲಿನ್ ಡು ಪ್ರೆ 1965ರ ಆಗಸ್ಟಿನಲ್ಲಿ ಬಾರ್ಬಿರೋಲಿ ಜೊತೆ ನುಡಿಸಿದ ಚೆಲ್ಲೊ ಕಾನ್ಸರ್ಟೋ ಕೂಡ ಅಲ್ಲಿಯದೇ. ಸಬ್‌ವೂಫರ್ ಇದ್ದರೆ 30 ಹರ್ಟ್ಜ್ ಕೆಳಗೆ ಸ್ವಲ್ಪ ಕಡಿತ ಮಾಡಿ. ಅದಕ್ಕಿಂತ ಮೇಲೆ ಕೈ ಹಾಕಿದರೆ ಡಬಲ್ ಬಾಸ್‌ನ ಮೈ ಹೋಗುತ್ತದೆ. ಎನಿಗ್ಮದ ಹದಿಮೂರನೇ ವೇರಿಯೇಷನ್‌ನಲ್ಲಿ ಕ್ಲಾರಿನೆಟ್ ಕೆಳಗೆ ಬರುವ ಗುಡುಗುಡುವನ್ನು ಮಾತ್ರ ರೈಲು ಅಂದುಕೊಳ್ಳಬೇಡಿ, ಅದು ಟಿಂಪನಿ, ಆರ್ಕೆಸ್ಟ್ರಾದ ನಗಾರಿ. ಹಡಗಿನ ಇಂಜಿನ್ನಿನ ಸದ್ದಿಗಾಗಿ ಸೈಡ್ ಡ್ರಮ್ ಕೋಲಿನಿಂದ ಉರುಳಿಸಿ ಎಂದು ಎಲ್ಗಾರ್ ಬರೆದಿದ್ದಾರೆ. ಬಹಳ ಜನ ಕೋಲಿನ ಬದಲು ನಾಣ್ಯ ಹಿಡಿಯುತ್ತಾರೆ.

ಬಾರ್ಬಿರೋಲಿ ನಿಧಾನ ಅಂತ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಆ ಅಡಾಜಿಯೋದ ಕೊನೆಯ ಪುಟಗಳನ್ನು ಅಷ್ಟು ಮೆತ್ತಗೆ, ಅಷ್ಟು ಹೊತ್ತು ಹಿಡಿದು ನಿಲ್ಲಿಸಿದವರು ಕಡಿಮೆ. ಮೊದಲ ಭಾಗ ಭಾರವಾಯಿತು ಅಂದರೆ ಸರಿ. ವೇಗವೇ ಬೇಕೆಂದರೆ ಷೋಲ್ಟಿ 1972ರಲ್ಲಿ ಲಂಡನ್ ಫಿಲ್‌ಹಾರ್ಮೋನಿಕ್ ಜೊತೆ ಮಾಡಿದ್ದು ಕೇಳಿ. ಎಲ್ಗಾರ್ ಅವರ ತಟ್ಟೆಗಳನ್ನು ಕೇಳಿಯೇ ತಯಾರಾಗಿದ್ದರು, ಅವಧಿ ಸುಮಾರು 49 ನಿಮಿಷ. ಬ್ರಾಸ್ ಕೊಂಚ ಕಿರುಚುತ್ತದೆ.

ಮೈಸೂರಿನವರಿಗೆ ಒಂದು ಉಪಕಥೆ: ಬಾರ್ಬಿರೋಲಿಯ ಆ ಫಿಲ್‌ಹಾರ್ಮೋನಿಯಾ 1945ರಲ್ಲಿ ವಾಲ್ಟರ್ ಲೆಗ್ ಕಟ್ಟಿದ್ದು. ಶುರುವಿನ ಕಷ್ಟದ ವರ್ಷಗಳಲ್ಲಿ ಅದಕ್ಕೆ ಹಣ ಕೊಟ್ಟು ನಿಂತವರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಮುಖ್ಯರು. ಅವರ ಆಸಕ್ತಿ ಹೆಚ್ಚು ರಷ್ಯನ್ ರಚನೆಕಾರ ಮೆಟ್ನರ್ ಕಡೆಗಿತ್ತು, ಎಲ್ಗಾರ್ ಕಡೆಗಲ್ಲ.

ಮರುಪ್ರಶ್ನೆ: ಹೊಸ_ಕೇಳುಗ

ಗ್ಯಾಪ್‌ಲೆಸ್ ಹಾಕಿದ ಮೇಲೆ ನಿಮ್ರಾಡ್ ಸರಿಹೋಯಿತು, ಥ್ಯಾಂಕ್ಸ್. ಬೌಲ್ಟ್ ಮತ್ತು ಮಾಂಟೊ ತೆಗೆದುಕೊಳ್ಳುತ್ತೇನೆ. ಎಲ್ಗಾರ್ ಅವರದ್ದೇ ಬೇಕೆಂದರೆ ಯಾವ ಪ್ರತಿ?

ಉತ್ತರ: ಮುಳ್ಳು_ತಟ್ಟೆ

ಇಎಂಐ ರೆಕಾರ್ಡ್ ಕಂಪನಿ 1990ರ ದಶಕದ ಮೊದಲಲ್ಲಿ ಎಲ್ಗಾರ್ ಎಡಿಷನ್ ಎಂದು ಮೂರು ಸಂಪುಟ, ಒಂಬತ್ತು ಸಿಡಿಯಲ್ಲಿ ತಂದಿತು. ಎಲೆಕ್ಟ್ರಿಕ್ ಕಾಲದ, ಅಂದರೆ ಮೈಕ್ ಬಂದ ಮೇಲಿನ, ರೆಕಾರ್ಡಿಂಗುಗಳು ಅದರಲ್ಲಿವೆ. ಕೊಳ್ಳುವಾಗಲೋ ಸ್ಟ್ರೀಮ್ ಮಾಡುವಾಗಲೋ ಯಾವ ಪ್ರತಿಯಾದರೂ ಮೊದಲು ಕೇಳಬೇಕಾದ್ದು ತಟ್ಟೆಯ ಸರಸರ ಸದ್ದು. ಅದು ಸ್ವಲ್ಪ ಇದ್ದರೆ ಒಳ್ಳೆಯ ಲಕ್ಷಣ. ಆ ತಟ್ಟೆಗಳಲ್ಲಿ ಸುಮಾರು 5–6 ಸಾವಿರ ಹರ್ಟ್ಜ್ ಮೇಲೆ ಸಂಗೀತ ಇರುವುದೇ ಕಡಿಮೆ. ಸದ್ದು ಪೂರ್ತಿ ಅಳಿಸಲು ಹೋದವರು ಆ ಕೊನೆಯ ಚೂರನ್ನೂ ತೆಗೆದುಬಿಡುತ್ತಾರೆ, ಪಿಟೀಲುಗಳು ಕಂಬಳಿ ಹೊದ್ದ ಹಾಗೆ ಕೇಳುತ್ತವೆ. ಎರಡನೆಯದು ಮಗ್ಗುಲು ಬದಲಾಗುವ ಜಾಗ: ಪ್ರತಿ ನಾಲ್ಕು ನಿಮಿಷಕ್ಕೆ ಹಿನ್ನೆಲೆಯ ಸರಸರ ಏಕಾಏಕಿ ಬದಲಾದರೆ ಜೋಡಿಸಿದವರು ಅವಸರ ಮಾಡಿದ್ದಾರೆ. ಮಗ್ಗುಲಿನ ಒಳತುದಿಯಲ್ಲಿ ದನಿ ಒಡೆಯುವುದು ಮಾತ್ರ ಮಾಮೂಲು, ಅಲ್ಲಿ ಸುತ್ತು ಚಿಕ್ಕದಾಗಿ ಮುಳ್ಳಿಗೆ ಗೀರು ಓದುವುದು ಕಷ್ಟ.

ಆಕಸ್ಮಿಕ ಸ್ಟೀರಿಯೋ ಎಂಬ ಹಣೆಪಟ್ಟಿ ಕಂಡರೆ ಗಾಬರಿ ಬೇಡ. ರೆಕಾರ್ಡಿಂಗ್ ಸಮಯದಲ್ಲಿ ಮುಂಜಾಗ್ರತೆಗೆ ಎರಡು ಯಂತ್ರ ಏಕಕಾಲಕ್ಕೆ ಓಡಿಸುತ್ತಿದ್ದರು. ಎರಡಕ್ಕೂ ಬೇರೆ ಬೇರೆ ಮೈಕ್ ಇದ್ದಿದ್ದರೆ, ಎರಡೂ ತಟ್ಟೆ ಉಳಿದಿದ್ದರೆ, ಈಗ ಜೋಡಿಸಿ ನಿಜವಾದ ಎಡ-ಬಲ ಪಡೆಯಬಹುದು. 1933ರ ಕಾಕೇನ್ ಓವರ್ಚರಿನ ಕೊನೆಯ ಮಗ್ಗುಲು ಇದಕ್ಕೆ ಹೆಸರಾದದ್ದು. ಎರಡಕ್ಕೂ ಒಂದೇ ಮೈಕ್ ಆಗಿದ್ದರೆ ಸಿಗುವುದು ತಟ್ಟೆಗಳ ವ್ಯತ್ಯಾಸವಷ್ಟೇ. ಗುರುತಿಸುವುದು ಹೀಗೆ: ವಾದ್ಯಗಳು ಒಂದು ಜಾಗದಲ್ಲಿ ನಿಂತರೆ ಅಸಲಿ, ಇಡೀ ಆರ್ಕೆಸ್ಟ್ರಾ ಆಚೆಗೂ ಈಚೆಗೂ ತೇಲಿದರೆ ಅಲ್ಲ.